ರಕೂನ್ ಎಂದು ಹುಡುಕಿದರೆ ವಿಮೆ ಸಿಗುತ್ತದೆ

ನನ್ನ ಮೈದುನನ ಕಂಪ್ಯೂಟರಿಗೆ ಎಂದಾದರೂ ಕಳ್ಳ ನುಗ್ಗಿದರೆ ನಾನು ಮರುಗುವುದು ಮೈದುನನಿಗಾಗಿ ಅಲ್ಲ, ಆ ಕಳ್ಳನಿಗಾಗಿ! ಪಾಪ, ಎಲ್ಲೋ ಕೂತು ಕಷ್ಟಪಟ್ಟು ಪಾಸ್‌ವರ್ಡ್ ಮುರಿದು ಒಳಗೆ ಬಂದಿರುತ್ತಾನೆ. ಬಂದವನಿಗೆ ಕಾಣುವುದೇನು? ಡಾಕ್ಯುಮೆಂಟ್ ಒಂದು, ಡಾಕ್ಯುಮೆಂಟ್ ಎರಡು, ಡಾಕ್ಯುಮೆಂಟ್ ಮೂರು... ಕಣ್ಣು ಹಾಯುವವರೆಗೂ ಡಾಕ್ಯುಮೆಂಟುಗಳು. ನಡುನಡುವೆ ‘ಫೈನಲ್’, ‘ಹೊಸಾ ಫೈನಲ್’, ‘ಇದಲ್ಲ’. ‘ಇದಲ್ಲ’ ಎಂಬ ಹೆಸರಿನ ಫೈಲುಗಳೇ ಒಂದು ರಾಶಿ. ಪರದೆಯ ಹಿನ್ನೆಲೆಯಲ್ಲಿ ಮಗಳು ಪದವಿ ಪಡೆದ ದಿನದ ಫೋಟೊ ಇದೆ ಎಂದು ಅವನು ಹೇಳುತ್ತಾನೆ. ಫೈಲುಗಳ ಸಂದಿಯಲ್ಲಿ ನನಗೆ ಕಂಡದ್ದು ಒಂದು ಕಿವಿ ಮಾತ್ರ. ಬಂದ ಕಳ್ಳ ಕದಿಯುವುದನ್ನು ಬಿಟ್ಟು, ಕನಿಕರದಿಂದ ನಾಲ್ಕು ಫೋಲ್ಡರ್ ಮಾಡಿಟ್ಟು ಹೋದಾನು!

ಮೈದುನ ಧಾರವಾಡದವನು. ಇಲ್ಲಿ ಅಮೆರಿಕದ ಕ್ರ್ಯಾನ್‌ಬರಿಯ ಒಂದು ಔಷಧದ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತನಾಗಿದ್ದಾನೆ. ರಾಬಿನ್ಸ್‌ವಿಲ್‌ನ ಟೌನ್‌ಹೌಸ್‌ನಲ್ಲಿ ಅವನೂ ಅವನ ಹೆಂಡತಿಯೂ ಇದ್ದಾರೆ; ನಾವು ಅಲ್ಲಿಗೆ ಹತ್ತಿರದಲ್ಲೇ, ಊರಂಚಿನ ಗೋದಾಮಿನ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಮಡಿಸಿಟ್ಟ ಹೊದಿಕೆಯ ಅಂಚು ಗೋಡೆಯ ಕಡೆಗಿರಬೇಕು. ಆ ಅಭ್ಯಾಸ ನನ್ನ ಕಂಪ್ಯೂಟರಿಗೂ ಹತ್ತಿದೆ. ಪ್ರತಿ ಶನಿವಾರ ಕಾಫಿ ಮುಗಿದ ಮೇಲೆ ಆ ವಾರದ ಫೈಲುಗಳೆಲ್ಲ ತಮ್ಮ ತಮ್ಮ ಮನೆಗೆ ಹೋಗಬೇಕು. ಮನೆ, ಕಾರು, ಆಸ್ಪತ್ರೆ, ತೆರಿಗೆ, ದೇವಸ್ಥಾನ, ಅದರೊಳಗೆ ವರ್ಷ, ವರ್ಷದೊಳಗೆ ತಿಂಗಳು. ಇಂಥ ನನಗೆ ಇಂಥ ಮೈದುನ ಸಿಕ್ಕಿದ್ದನ್ನು ಏನೆನ್ನಬೇಕು?

“ಅಲ್ಲಪ್ಪಾ, ಫೈಲಿಗೆ ಒಂದು ಹೆಸರಿಟ್ಟರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಒಮ್ಮೆ ಕೇಳಿದೆ.

“ವೈನಿ, ಹೆಸರೊಳಗ ಏನದರೀ? ಹೆಸರು ನಾವು ಇಟ್ಟಿದ್ದು. ಒಳಗಿರೋ ಮಾತು ಖರೆ. ಒಳಗಿಂದ ಒಂದು ಶಬ್ದ ನೆನಪಿದ್ರ ಸಾಕು, ಹುಡುಕಿದ ಕೂಡಲೆ ಓಡಿ ಬರ್ತದ.”

ಕೇಳಲಿಕ್ಕೇನೋ ಚೆನ್ನಾಗಿತ್ತು. ಎಡವಟ್ಟು ಇರುವುದು ಅವನಿಗೆ ನೆನಪಿರುವ ಶಬ್ದದಲ್ಲಿ! ಫೈಲಿನ ವಿಷಯ ಅವನಿಗೆ ನೆನಪಿರುವುದಿಲ್ಲ. ಅದರಲ್ಲಿ ಎಲ್ಲೋ ಮೂಲೆಯಲ್ಲಿ ಬಿದ್ದಿರುವ, ಯಾರಿಗೂ ಬೇಡವಾದ ಒಂದು ಮಾತು ಮಾತ್ರ ನೆನಪಿರುತ್ತದೆ. ಒಮ್ಮೆ ಭಾರಿ ಮಳೆ ಬಂದು ಅವನ ಬೇಸ್‌ಮೆಂಟಿನಲ್ಲಿ ನೀರು ತುಂಬಿತು. ವಿಮೆಯವರು ಫೋನಿನ ಆ ತುದಿಯಲ್ಲಿ, ಪಾಲಿಸಿ ನಂಬರಿಗಾಗಿ ಕಾಯುತ್ತಿದ್ದಾರೆ. ನಾನು ಪಕ್ಕದಲ್ಲೇ ನಿಂತು “ಇನ್ಶೂರೆನ್ಸ್ ಅಂತ ಹುಡುಕಪ್ಪಾ” ಎಂದೆ. ಅವನು ನನ್ನನ್ನು ಏನೂ ತಿಳಿಯದ ಮಗುವಿನಂತೆ ನೋಡಿ, “ಹಂಗ ಹುಡುಕಿದ್ರ ಐದುನೂರು ಬರ್ತಾವ್ರಿ” ಎಂದವನೇ ‘ರಕೂನ್’ ಎಂದು ಟೈಪ್ ಮಾಡಿದ. ರಕೂನ್ ಎಂದರೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕಸದ ಡಬ್ಬ ಉರುಳಿಸುವ ಆ ಪ್ರಾಣಿ. ಒಂದೇ ಒಂದು ಫೈಲು ಬಂತು. ಮನೆಯ ವಿಮೆ!

“ರಕೂನ್ ಮನಿ ಹೊಕ್ಕು ಹಾಳು ಮಾಡಿದ್ರ ನಾವು ಜವಾಬ್ದಾರರಲ್ಲ ಅಂತ ಬರದಾರ್ರಿ. ಓದಿ ಭಾಳ ನಗು ಬಂದಿತ್ತು, ಅದಕ್ಕ ನೆನಪದ.”

ಡಿಶ್‌ವಾಷರಿನ ವಾರಂಟಿ ಬೇಕಾದರೆ ಅವನು ‘ಲಸಾನ್ಯ’ ಎಂದು ಹುಡುಕುತ್ತಾನೆ. ತಟ್ಟೆಗೆ ಅಂಟಿದ ಲಸಾನ್ಯದ ಚೀಸನ್ನು ಮೊದಲು ಕೆರೆದು ತೆಗೆಯಿರಿ ಎಂದು ಅದರಲ್ಲಿ ಬರೆದಿದೆಯಂತೆ. ಇದನ್ನು ನಾನು ನಂಬದೆ ಒಂದು ಭಾನುವಾರ ಊಟವಾದ ಮೇಲೆ ಪಂಥ ಕಟ್ಟಿದೆ: ತಂತಮ್ಮ ಡಿಶ್‌ವಾಷರಿನ ವಾರಂಟಿಯನ್ನು ಯಾರು ಮೊದಲು ತೆಗೆಯುತ್ತಾರೆ? ಎರಡು ಲ್ಯಾಪ್‌ಟಾಪು, ಎದುರುಬದುರು ನಾವಿಬ್ಬರು, ತೀರ್ಪು ಹೇಳಲು ನಮ್ಮ ಯಜಮಾನರು. ನಾನು ಮನೆ ತೆರೆದೆ, ಅಡುಗೆಮನೆ ತೆರೆದೆ, ಯಂತ್ರಗಳು ತೆರೆದೆ. ಮಿಕ್ಸಿ ಇತ್ತು, ಓವನ್ ಇತ್ತು, ನನ್ನ ಡಿಶ್‌ವಾಷರ್ ಇರಲಿಲ್ಲ. ಅದಕ್ಕೆ ನೀರಿನ ಸಂಬಂಧ ಇರುವುದರಿಂದ ಅದನ್ನು ನಾನೇ ‘ಪ್ಲಂಬಿಂಗ್’ ಒಳಗೆ ಇಟ್ಟಿದ್ದೆ ಎಂದು ಹೊಳೆಯುವ ಹೊತ್ತಿಗೆ ಮೈದುನ ಎದ್ದು ಹೋಗಿ ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದ.

“ತಮ್ಮಾ, ನಿಂದು ಗೆಲುವು” ಎಂದರು ನಮ್ಮ ಯಜಮಾನರು, ನನ್ನ ಮುಖ ನೋಡದೆ.

ಅವನ ವಿದ್ಯೆಯಲ್ಲಿ ಹುಳುಕಿಲ್ಲವೆಂದು ತಿಳಿಯಬೇಡಿ. ಎಲ್ಲ ಫೈಲಿನಲ್ಲೂ ರಕೂನ್ ಇರುವುದಿಲ್ಲವಲ್ಲ! ವಿಚಿತ್ರ ಶಬ್ದ ಇಲ್ಲದ ಫೈಲಿಗೆ ತಾನೇ ಒಂದನ್ನು ನೆಟ್ಟುಬಿಡುತ್ತಿದ್ದ. ಒಂದು ಚಳಿಗಾಲ ಅವನ ಬಾಗಿಲ ಮುಂದಿನ ಹಿಮವನ್ನು ಟೌನ್‌ಹೌಸುಗಳ ಉಸ್ತುವಾರಿ ನೋಡುವ ಆಫೀಸಿನವರು ತೆಗೆಸಲಿಲ್ಲ. ಖಾರವಾಗಿ ದೂರು ಬರೆದ. ಮುಂದೆ ಹುಡುಕಲು ಅನುಕೂಲವಾಗಲಿ ಎಂದು ಕೊನೆಯಲ್ಲಿ, ತನ್ನ ಹೆಸರಿನ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ‘ಗುರೆಳ್ಳು ಚಟ್ನಿ’ ಎಂದು ಸೇರಿಸಿದ. ಕಳಿಸುವಾಗ ಅಳಿಸಲು ಮರೆತ. ಮಾರನೆಯ ದಿನ ಉತ್ತರ ಬಂತು: “ಡಿಯರ್ ಮಿಸ್ಟರ್ ಚಟ್ನಿ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.” ಹಿಮ ಮಾತ್ರ ಮಧ್ಯಾಹ್ನದೊಳಗೆ ಹೋಗಿತ್ತು. ಇಂದಿಗೂ ಆಫೀಸಿನ ಹೆಂಗಸು ಅವನನ್ನು ಕಂಡರೆ “ಗುಡ್ ಮಾರ್ನಿಂಗ್, ಮಿಸ್ಟರ್ ಚಟ್ನಿ” ಎನ್ನುತ್ತಾಳೆ. ಅವನೂ ಟೋಪಿ ಎತ್ತುತ್ತಾನೆ.

ಅದಕ್ಕಿಂತ ದೊಡ್ಡ ಹುಳುಕೆಂದರೆ, ಹುಡುಕಲು ಹೋದವನು ಅಲ್ಲೇ ಕೂತು ಓದಲು ಶುರುಮಾಡುತ್ತಾನೆ. ವಾಟರ್ ಹೀಟರ್ ಸೋರಿದಾಗ ಅದರ ಕಾಗದ ಹುಡುಕಲು ಕೂತ. ಬಂದ ಫೈಲುಗಳಲ್ಲಿ ಮೊದಲನೆಯದು ತಾನು ಯಾವಾಗಲೋ ಬರೆದು ಅರ್ಧಕ್ಕೆ ಬಿಟ್ಟ ನಾಟಕ. ಓದಿದ. ಚೆನ್ನಾಗಿದೆಯಲ್ಲ ಅನ್ನಿಸಿತು. ಎರಡನೇ ಅಂಕ ಬರೆದ! ಆ ವಾರಾಂತ್ಯ ಅವನ ಹೆಂಡತಿ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನಮ್ಮ ಮನೆಗೆ ಬಂದಳು. “ಭಾಭಿ, ಅವರಿಗೆ ನಾಟಕ ಸಿಕ್ತು, ನನಗೆ ಬಿಸಿನೀರು ಸಿಗಲಿಲ್ಲ.” ಅವಳು ಗುಜರಾತಿನವಳು. ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾಟಕ ಹೇಗಿದೆ ಎಂದು ಅವಳನ್ನು ಯಾರೂ ಕೇಳುವಂತಿರಲಿಲ್ಲ, ಅದೊಂದು ಪುಣ್ಯ.

ಇದನ್ನೆಲ್ಲ ನೋಡಿ ನೋಡಿ, ಒಂದು ಶನಿವಾರ ನಾನೇ ಅವನ ಕಂಪ್ಯೂಟರನ್ನು ಚೊಕ್ಕ ಮಾಡುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಹೋದೆ. ಫೈಲು ತೆರೆಯುವುದು, ನೋಡುವುದು, ಹೆಸರಿಡುವುದು, ಫೋಲ್ಡರಿಗೆ ತಳ್ಳುವುದು. ಹೀಗೆ ಸಾಗುತ್ತಿರುವಾಗ ಕೆಲವು ಹಳೆಯ ಫೈಲುಗಳು ತೆರೆದುಕೊಂಡವು. ಒಳಗೆ ಒಂದಕ್ಷರ ಅರ್ಥವಾಗುವಂಥದ್ದಿಲ್ಲ. ಪೌಂಡಿನ ಗುರುತು, ಜಪಾನಿನ ಯೆನ್ನಿನ ಗುರುತು, ತಲೆಯ ಮೇಲೆ ಕೊಂಬು ಹೊತ್ತ ಎ-ಗಳು. ಕೆಟ್ಟುಹೋಗಿವೆ ಎಂದುಕೊಂಡು ಅಳಿಸಲು ಕೈ ಹಾಕಿದೆ.

“ಬ್ಯಾಡ್ರಿ ವೈನಿ! ಮುಟ್ಟಬ್ಯಾಡ್ರಿ! ಅದು ಎಣಗಾಯಿ!”

“ಏನದು?”

“ಬದನಿಕಾಯಿ ಎಣಗಾಯಿ. ಅವ್ವ ಹೇಳಿದ್ದು. ನೋಡ್ರಿ ಇಲ್ಲೆ. ಬದನಿಕಾಯಿ ಎಳೀವು ಇರಬೇಕು, ತೊಟ್ಟು ತಗೀಬಾರದು...” ಎಂದು ಆ ಪೌಂಡು ಯೆನ್ನುಗಳ ಮೇಲೆ ಬೆರಳಾಡಿಸುತ್ತ ಸರಾಗವಾಗಿ ಓದಿಕೊಂಡು ಹೋದ!

ನನಗೆ ನಿಜಕ್ಕೂ ಭಯವಾಯಿತು. ಡಾಕ್ಟರಿಗೆ ತೋರಿಸಬೇಕೇನೋ ಎಂದು ಅವನ ಹೆಂಡತಿಯ ಮುಖ ನೋಡಿದೆ. ಅವಳು ಚಪಾತಿ ಲಟ್ಟಿಸುತ್ತಲೇ ಇದ್ದಳು.

ಆಮೇಲೆ ಅವನೇ ಬಿಡಿಸಿ ಹೇಳಿದ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಹಾಕಿದ ವೇಷ ಇದ್ದಂತೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ. ಇಲ್ಲದ ಕಡೆ ವೇಷ ಕಳಚಿ ಹೀಗೆ ನಿಲ್ಲುತ್ತದೆ. ಆಗೆಲ್ಲ ವಾರಕ್ಕೊಮ್ಮೆ ಕಾಲಿಂಗ್ ಕಾರ್ಡ್ ಹಾಕಿ ಧಾರವಾಡಕ್ಕೆ ಫೋನ್ ಮಾಡುವುದು. ನಮ್ಮ ಅತ್ತೆ ಅಡುಗೆಮನೆಯಲ್ಲಿ ನಿಂತು ಹಾಡು, ಅಡುಗೆ, ಮದ್ದು, ಹಬ್ಬದ ಪದ್ಧತಿ ಎಲ್ಲ ಹೇಳುತ್ತಿದ್ದರು. ಇವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದ. ಆಫೀಸಿನ ಕಂಪ್ಯೂಟರಿಗೆ ಕನ್ನಡ ಫಾಂಟ್ ಹಾಕಲು ಅಪ್ಪಣೆ ಇರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವ್ವನ ಮಾತು ಓದಬೇಕೆನಿಸುತ್ತಿತ್ತು. ಓದುತ್ತ ಓದುತ್ತ ಆ ವೇಷವಿಲ್ಲದ ಲಿಪಿಯೇ ಬಂದುಬಿಟ್ಟಿತು.

“ಭಾಳ ಸಸಾರ ಅದರೀ. ಪೌಂಡ್ ಇದ್ದಲ್ಲಿ ‘ನ’. ಯೆನ್ ಇದ್ದಲ್ಲಿ ‘ಪ’. ದೊಡ್ಡ ಸಿ ಕಂಡ್ರ ‘ಅ’. ನಮ್ಮ ಅವ್ವ ಸಿ-ಯಿಂದ ಶುರು ಆಗ್ತಾಳ.”

ನಾನು ಫೋಲ್ಡರ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಇಂಥವನಿಗೆ ಫೋಲ್ಡರ್ ಯಾಕೆ?

ಇಷ್ಟೆಲ್ಲ ಹೇಳಿದ್ದು ಅವನ ಮಗಳ ಕುಬಸದ ಕಥೆಗೆ ಬರಲು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತಿ ಹಾಡುವ ಶಾಸ್ತ್ರಕ್ಕೆ ಧಾರವಾಡದ ಕಡೆ ಕುಬಸ ಎನ್ನುತ್ತಾರೆ. ಮಗಳು ಜರ್ಸಿ ಸಿಟಿಯಲ್ಲಿದ್ದಾಳೆ, ಏಳು ತಿಂಗಳಾದರೂ ಮ್ಯಾನ್‌ಹಟನ್ನಿಗೆ ರೈಲಿನಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದಳು. ಶಾಸ್ತ್ರ ಇಟ್ಟುಕೊಂಡದ್ದು ರಾಬಿನ್ಸ್‌ವಿಲ್‌ನ ಕ್ಲಬ್‌ಹೌಸಿನಲ್ಲಿ. ಅದೇ ಆಫೀಸಿನ ಹೆಂಗಸು ‘ಮಿಸ್ಟರ್ ಚಟ್ನಿ’ ಹೆಸರಿನಲ್ಲೇ ಬುಕ್ ಮಾಡಿಕೊಟ್ಟಳು!

ಹಿಂದಿನ ದಿನ ಮಧ್ಯಾಹ್ನ ಮೈದುನನ ಹೆಂಡತಿ ಉಡಿ ತುಂಬುವ ಸಾಮಾನು ಜೋಡಿಸುತ್ತ ಕೇಳಿದಳು: “ಭಾಭಿ, ನನ್ನ ಅಕ್ಕ ತಂಗೀರೆಲ್ಲ ಬರ್ತಾರೆ. ನಮ್ಮ ಕಡೆ ಹಾಡು ಬೆಳಗಿಂದ ಸಂಜೆವರೆಗೆ ಇವೆ. ನಿಮ್ಮ ಕಡೆ ಯಾವುದು?”

ನಾನು ಮೈದುನನ ಮುಖ ನೋಡಿದೆ. ಮೈದುನ ನಮ್ಮ ಯಜಮಾನರ ಮುಖ ನೋಡಿದ. ನಮ್ಮ ಯಜಮಾನರು ಕಿಟಕಿ ನೋಡಿದರು. ನಾನು ಮೈಸೂರಿನವಳು, ಮದುವೆಯಾದ ಕೂಡಲೇ ಈ ದೇಶಕ್ಕೆ ಬಂದವಳು. ಧಾರವಾಡದ ಹಾಡು ನನಗೆಲ್ಲಿಂದ ಬರಬೇಕು? ಈ ಅಣ್ಣತಮ್ಮಂದಿರೋ, ಹೆಂಗಸರು ಒಳಗೆ ಹಾಡುವಾಗ ಪಡಸಾಲೆಯಲ್ಲಿ ಊಟದ ಕರೆಗೆ ಕಾಯುತ್ತಿದ್ದವರು. ಧಾಟಿ ಇಬ್ಬರಿಗೂ ನೆನಪಿತ್ತು. ಪದ ಒಂದೂ ಇಲ್ಲ.

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಮಗಳು ಹೇಳಿದಳು: “ದೊಡ್ಡಮ್ಮಾ, ಐ ಜಸ್ಟ್ ವಾಂಟ್ ಅಜ್ಜೀಸ್ ಸಾಂಗ್. ಶೀ ಪ್ರಾಮಿಸ್ಡ್ ಮಿ.”

ಮಾತು ಕೊಟ್ಟದ್ದು ನಿಜ. ಇವಳು ಚಿಕ್ಕವಳಿದ್ದಾಗ ಧಾರವಾಡದಲ್ಲಿ ಯಾರದೋ ಕುಬಸದಲ್ಲಿ ಅಜ್ಜಿಯ ಮಡಿಲಲ್ಲಿ ಕೂತಿದ್ದಳು. “ನಿನ್ನ ಕುಬಸಕ್ಕ ನಾನ ಬಂದು ಹಾಡ್ತೀನಿ” ಎಂದಿದ್ದರು ಅತ್ತೆ. ಆಮೇಲೆ ಕಾಲು ಬಿದ್ದುಹೋಗಿ ವಿಮಾನ ಹತ್ತುವಂತಿಲ್ಲವೆಂದಾದಾಗ, ಹಾಡನ್ನು ಮಗನಿಗೆ ಫೋನಿನಲ್ಲಿ ಹೇಳಿ ಬರೆಸಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಆ ಹಾಡು ಈಗ ಇರುವುದು ಒಂದೇ ಕಡೆ. ಹೆಸರಿಲ್ಲದ ಆ ಸಾವಿರಾರು ಡಾಕ್ಯುಮೆಂಟುಗಳಲ್ಲಿ ಯಾವುದೋ ಒಂದರೊಳಗೆ!

“ಹೆದರಬ್ಯಾಡ್ರಿ” ಎಂದು ಮೈದುನ ಕೂತ. ಕನ್ನಡದಲ್ಲಿ ‘ಕುಬಸ’ ಎಂದು ಹುಡುಕಿದ. ಏನೂ ಬರಲಿಲ್ಲ. ಬರುವುದು ಹೇಗೆ? ಈಗಿನ ಕನ್ನಡಕ್ಕೂ ಆ ಹಳೆಯ ವೇಷದ ಕನ್ನಡಕ್ಕೂ ಗುರುತು ಪರಿಚಯವೇ ಇಲ್ಲ. ಸರಿ, ಆ ಪೌಂಡು ಯೆನ್ನಿನ ಲಿಪಿಯಲ್ಲೇ ಒಂದೊಂದು ಗುರುತು ಹೆಕ್ಕಿ ಟೈಪ್ ಮಾಡಿದ. ಆಗಲೂ ಇಲ್ಲ. ಹಾಡಿನಲ್ಲಿ ಆ ಶಬ್ದವೇ ಇರಲಿಲ್ಲವೋ ಏನೋ! ‘ಹಸಿರು ಬಳಿ’ ಎಂದು ಹುಡುಕಿದ. ಬಂದವು ನೋಡಿ, ಪರದೆಯ ಮೇಲಿಂದ ಕೆಳಗಿನವರೆಗೆ! ನಮ್ಮ ಅತ್ತೆಯ ಎಲ್ಲ ಹಾಡಿನಲ್ಲೂ ಹಸಿರು ಬಳೆ. ಗೌರಿಗೆ ಹಸಿರು ಬಳೆ, ಸೀಗೆ ಹುಣ್ಣಿಮೆಯ ಭೂಮಿತಾಯಿಗೆ ಹಸಿರು ಬಳೆ, ತೊಟ್ಟಿಲು ತೂಗುವವಳಿಗೆ ಹಸಿರು ಬಳೆ.

ಅವನು ಮೊದಲನೆಯದನ್ನು ತೆರೆದ. ಓದತೊಡಗಿದ. ಮುಖದಲ್ಲಿ ನಗು ಬಂತು.

“ಓದಬೇಡ, ಹುಡುಕು!” ಎಂದೆ.

“ವೈನಿ, ಇದು ಸೀಗಿ ಹುಣ್ಣಿವಿ ಹಾಡು. ಇದರಾಗ ಅವ್ವ...”

“ನಾಳೆ ಹನ್ನೊಂದಕ್ಕೆ ಆರತಿ. ಆಮೇಲೆ ಸೀಗೆ ಹುಣ್ಣಿಮೆ ಮಾಡೋಣ!”

ಎರಡನೆಯದು ತೆರೆದ. ಮೂರನೆಯದು. ಸಂಜೆಯಾಯಿತು. ನಮ್ಮ ಯಜಮಾನರು ಕಾಫಿ ಮಾಡಿ ತಂದರು, ಅದು ಆರಿತು. ಅವನ ಮುಖದ ನಗು ಹೋಗಿತ್ತು. ಅಷ್ಟು ವರ್ಷಗಳಲ್ಲಿ ಅವನು ಹುಡುಕಿ ಸಿಗದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಅಪ್ಪಾ, ಇಟ್ಸ್ ಓಕೆ, ರಿಯಲಿ” ಎಂದಳು ಮಗಳು. ಅವನು ಮತ್ತೊಂದು ಫೈಲು ತೆರೆದ. ನನಗೇ ತಡೆಯಲಾಗಲಿಲ್ಲ.

“ಅಲ್ಲಪ್ಪಾ, ನೀನು ವಿಮೆಯನ್ನು ವಿಮೆ ಅಂತ ಹುಡುಕಿದವನಲ್ಲ. ಇದನ್ನು ಯಾಕೆ ಹಾಡು ಅಂತ ಹುಡುಕ್ತೀಯಾ? ಇದರಲ್ಲಿ ರಕೂನ್ ಎಲ್ಲಿದೆ, ಅದನ್ನು ಹೇಳು.”

ಅವನು ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ, “ಹಾಲು ಉಕ್ಕಿತ್ರಿ ವೈನಿ” ಎಂದ. “ಅವತ್ತು ಹಾಲು ಉಕ್ಕಿತ್ತು. ಅವ್ವ ಫೋನ್ ಬಿಟ್ಟು ಓಡಿದ್ಲು.”

ಪೌಂಡು, ಯೆನ್ನು, ಕೊಂಬಿನ ಎ. ಹಾಲು ಉಕ್ಕಿತು ಎಂದು ಟೈಪ್ ಮಾಡಿ ಗುಂಡಿ ಒತ್ತಿದ. ಒಂದೇ ಒಂದು ಫೈಲು ಬಂತು. ಅದರ ಹೆಸರು ‘ಇದಲ್ಲ’!

ಫೈಲು ಸಿಕ್ಕಿದ ಮೇಲೆ ಉಳಿದದ್ದು ಸುಲಭ. ಮಗಳು ಅದನ್ನು ಯಾವುದೋ ವೆಬ್‌ಸೈಟಿಗೆ ಹಾಕಿ ಈಗಿನ ಕನ್ನಡ ಮಾಡಿ, ಕಾಗದದ ಮೇಲೆ ಅಚ್ಚು ಹಾಕಿಕೊಟ್ಟಳು. ನಾನು ಕನ್ನಡಕ ಏರಿಸಿ ಓದಿದೆ. ಅವನದು ನಿಧಾನದ ಕೈ. ಯಾವುದು ಹಾಡು, ಯಾವುದು ಮಾತು ಎಂದು ಯೋಚಿಸಲು ಪುರುಸೊತ್ತಿಲ್ಲದೆ ಕಿವಿಗೆ ಬಿದ್ದದ್ದನ್ನೆಲ್ಲ ಕುಟ್ಟಿದ್ದ.

ಬಾರ ನನ ಮಗಳ ಮಣಿ ಮ್ಯಾಲ ಕೂಡ
ಹಸಿರು ಬಳಿ ಕೈತುಂಬ ತೊಡಸೇನ
ಬರಕೊಂಡೇನು ತಮ್ಮಾ
ತವರಿನ ಸೀರಿ ನಿರಿಗಿ ಹಿಡದೇನ
ತಡಿಯೋ ತಡಿಯೋ ಹಾಲು ಉಕ್ಕಿತು
ಹಡದು ಬಾ ಮಗಳ ಬೆಳಕ ಹಿಡಕೊಂಡು
ದನಿ ಯಾಕ ಹಂಗಾಗೇದ ಊಟಾತೇನೋ ನಿಂದು

ಅಲ್ಲಿಗೆ ಮುಗಿದಿತ್ತು. ಅತ್ತೆಯ ಮಾತು ಒಂದೂ ಬಿಟ್ಟುಹೋಗಿರಲಿಲ್ಲ. ಇವನು ಏನು ಉತ್ತರ ಕೊಟ್ಟನೋ ಅದು ಮಾತ್ರ ಅದರಲ್ಲಿ ಇರಲಿಲ್ಲ. ಫೋನಿನಲ್ಲಿ ಕೇಳಿಸಿದ ಮಾತನ್ನಷ್ಟೇ ಟೈಪ್ ಮಾಡಿದ್ದ.

ನಾನು ಪೆನ್ಸಿಲ್ ತೆಗೆದುಕೊಂಡು, ಹಾಡಲ್ಲದ ಸಾಲುಗಳಿಗೆ ಅಚ್ಚುಕಟ್ಟಾಗಿ ಗೆರೆ ಎಳೆದೆ. ಎಳೆದು ತಲೆಯೆತ್ತುವ ಹೊತ್ತಿಗೆ ಮಗಳು ಇಡೀ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಎಲ್ಲರ ಫೋನಿಗೂ ಕಳಿಸಿ ಆಗಿತ್ತು!

ಮಾರನೆಯ ದಿನ ಹನ್ನೊಂದಕ್ಕೆ ಸರಿಯಾಗಿ ಆರತಿ ಶುರುವಾಯಿತು. ಆ ಮಟ್ಟಿಗೆ ನಾನಿದ್ದೆನಲ್ಲ! ಗುಜರಾತಿನ ಅಕ್ಕತಂಗಿಯರು ಡೋಲು ಹಿಡಿದು ಕ್ಲಬ್‌ಹೌಸಿನ ಗಾಜು ನಡುಗುವಂತೆ ಹಾಡಿದರು. ಆಮೇಲೆ ನಮ್ಮ ಸರದಿ. ನಮ್ಮ ಯಜಮಾನರು ಎದ್ದು ನಿಂತು ಧಾಟಿ ಎತ್ತಿಕೊಟ್ಟರು. ನಮ್ಮ ಕಡೆ ಎಂದರೆ ಯಾರು? ನಾನು, ಬೆಂಗಳೂರಿನ ಇಬ್ಬರು, ಬೀದಿಯಾಚೆ ಮನೆಯ ಮೈಸೂರಿನ ಜರೀನಾ ಆಂಟಿ, ಇಲ್ಲೇ ಹುಟ್ಟಿದ ನಾಲ್ಕಾರು ಹುಡುಗಿಯರು. ಧಾರವಾಡದ ಕಡೆಯ ಹೆಂಗಸು ಒಬ್ಬಳೂ ಇಲ್ಲ. ಎಲ್ಲರೂ ಫೋನ್ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹಾಡಿದರು. “ಬರಕೊಂಡೇನು ತಮ್ಮಾ” ಎಂದು ರಾಗ ಎಳೆದರು. “ತಡಿಯೋ ತಡಿಯೋ ಹಾಲು ಉಕ್ಕಿತು” ಎಂಬ ಸಾಲು ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ಅದೇ ಪಲ್ಲವಿ ಎಂದು ತಿಳಿದು ಚಪ್ಪಾಳೆ ತಟ್ಟಿ ಮತ್ತೆ ಮತ್ತೆ ಹಾಡಿದರು. ಗುಜರಾತಿನ ಡೋಲೂ ಸೇರಿಕೊಂಡಿತು. ಬಸುರಿ ಹೆಂಗಸಿನ ಹಾಡಿನಲ್ಲಿ ಹಾಲು ಉಕ್ಕುವುದು ಎಂಥ ಒಳ್ಳೆಯ ಶಕುನ ಎಂದು ಜರೀನಾ ಆಂಟಿ ಕಣ್ಣೊರೆಸಿಕೊಂಡರು. ಹಸಿರು ಸೀರೆಯಲ್ಲಿ ಮಗಳು ಅಳುತ್ತಲೂ ನಗುತ್ತಲೂ ಇದ್ದಳು.

ಪೆನ್ಸಿಲ್ ಗೆರೆಯ ಕಾಗದ ನನ್ನ ಕೈಯಲ್ಲೇ ಇತ್ತು. ನಾನೂ ಗೆರೆ ಎಳೆದ ಸಾಲುಗಳನ್ನೇ ಹಾಡುತ್ತಿದ್ದೆ.

ಕೊನೆಯ ಸಾಲು ಬಂತು. ಅಷ್ಟೂ ಹೆಂಗಸರು ಒಟ್ಟಿಗೆ ಕೇಳಿದರು: “ದನಿ ಯಾಕ ಹಂಗಾಗೇದ, ಊಟಾತೇನೋ ನಿಂದು?”

ಮೈದುನ ಹಿಂದೆ, ಬಾಗಿಲ ಹತ್ತಿರ, ನೀರಿನ ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡು ನಿಂತಿದ್ದ. ಹಾಡು ಮುಗಿದ ಸದ್ದಿಲ್ಲದ ಆ ಒಂದು ಗಳಿಗೆಯಲ್ಲಿ, ಯಾರನ್ನೂ ನೋಡದೆ ಹೇಳಿದ:

“ಆತವ್ವಾ.”

ಬೆಳಗಿನಿಂದ ಅವನು ಒಂದು ತುತ್ತೂ ತಿಂದಿರಲಿಲ್ಲ. ಊಟಕ್ಕೆ ಇನ್ನೂ ಒಂದು ಗಂಟೆ ಇತ್ತು. ನಾನು ಮೊದಲ ಸಲ ಹೊತ್ತಿಗೆ ಮುಂಚೆ ಪಾತ್ರೆಯ ಮುಚ್ಚಳ ತೆಗೆದು, ಒಂದು ತಟ್ಟೆಗೆ ಬಡಿಸಿಕೊಂಡು ಬಾಗಿಲ ಕಡೆಗೆ ಹೋದೆ.